ಹಿಂದಿನ ಸೀಟಿನ ತೂಕ

ಬೈಕ್ ಶೋರೂಮಿನ ಹೆಣ್ಣುಮಗಳು ನನ್ನನ್ನು ಫ್ಯಾನಿನ ಕೆಳಗೆ ಕೂಡಿಸಿ, ನೀರು ಕೊಟ್ಟು, ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ, ಯಾವ ರಸ್ತೆ ಎಂದೆಲ್ಲ ಬರೆದುಕೊಂಡಳು. ಹಿಂದಿಯಲ್ಲಿ ಮಾತು ಶುರು ಮಾಡಿದವಳು ನನ್ನ ಹಿಂದಿ ಕೇಳಿದ ಮೇಲೆ ಎರಡನೇ ವಾಕ್ಯಕ್ಕೇ ಕನ್ನಡಕ್ಕೆ ಬಂದಳು. ಅವಳ ತಂದೆ ಹಾವೇರಿ ಕಡೆಯಿಂದ ಬಂದವರಂತೆ, ಅವಳು ಹುಟ್ಟಿದ್ದು ವಾಸ್ಕೋದಲ್ಲಿ. ಬರೆಯುವುದನ್ನು ನಿಲ್ಲಿಸಿ ಕೊನೆಗೆ ಕೇಳಿದಳು: “ಹಿಂದ ಯಾರ್ ಕೂಡ್ತಾರ್ರಿ ಅಂಕಲ್?”

ಗಾಡಿ ಮಾರುವವರು ಎಲ್ಲರನ್ನೂ ಕೇಳುವ ಪ್ರಶ್ನೆಯೇ ಅದು. ಹಿಂದೆ ಕೂಡುವವರಿದ್ದರೆ ಒಂದು ಗಾಡಿ ತೋರಿಸುತ್ತಾರೆ, ಇಲ್ಲದಿದ್ದರೆ ಇನ್ನೊಂದು. ಒಬ್ಬರಿದ್ದಾರೆ, ಊರಿಗೆ ಹೋಗಿದ್ದಾರೆ ಎಂದೆ. ಅವಳು ಮನೆಯಾಕೆ ಎಂದು ತಿಳಿದುಕೊಂಡಿರಬೇಕು. ಹಾಗಾದರೆ ಸೀರೆ ಚಕ್ರಕ್ಕೆ ಸಿಗದ ಹಾಗೆ ಹಾಕುವ ಜಾಲಿ ಬೇಕಾಗುತ್ತದೆ ಎಂದು ಬರೆದುಕೊಂಡಳು. ನಾನು ತಿದ್ದಲಿಲ್ಲ.

ಹಿಂದೆ ಕೂಡುವವನು ನನ್ನ ಜೋಡಿದಾರ. ಝುವಾರಿನಗರದ ಒಂದೇ ಕೋಣೆಯಲ್ಲಿ ನಾವಿಬ್ಬರು ಹತ್ತು ವರ್ಷ ಇದ್ದೆವು. ನಾನು ಗದಗ ಕಡೆಯವನು, ಅವನು ಕೊಪ್ಪಳದ ಆಚೆಯವನು. ನನಗೆ ಮದುವೆಯಾಗಲಿಲ್ಲ. ಒಂದೆರಡು ಕಡೆ ಮಾತುಕತೆ ನಡೆದು ನಿಂತವು, ಆಮೇಲೆ ಕೇಳುವವರೂ ಕಡಿಮೆಯಾದರು. ಅವನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಊರಲ್ಲಿದ್ದರು, ವರ್ಷಕ್ಕೆ ಎರಡು ಸಲ ಹೋಗಿಬರುತ್ತಿದ್ದ. ಪಲ್ಯ, ಸಾರು ನನ್ನ ಪಾಲಿಗೆ. ರೊಟ್ಟಿ ಅವನೇ ಬಡಿಯಬೇಕು, ನನ್ನ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಗಾಡಿ ಓಡಿಸುವವನು ನಾನು, ಹಿಂದೆ ಕೂಡುವವನು ಅವನು. ಮೊದಲು ಅವನು ಸಾವರ್ಡೆಯ ಗಣಿಗಳಲ್ಲಿ ಅದಿರು ಲಾರಿಯ ಕ್ಲೀನರ್ ಆಗಿದ್ದ. ಗಣಿ ನಿಂತ ಮೇಲೆ ವಾಸ್ಕೋ ಬಂದರಿನ ಕೆಲಸಕ್ಕೆ ಬಂದ. ಗಾಡಿ ಕಲಿ ಎಂದು ಎಷ್ಟು ಹೇಳಿದರೂ ಕಲಿಯಲಿಲ್ಲ. “ನಾ ಬಾಜೂ ಸೀಟಿನ್ಯಾಗ ಹುಟ್ಟಿದಾವ” ಎನ್ನುತ್ತಿದ್ದ.

ಎರಡು ಮಳೆಗಾಲದ ಹಿಂದೆ ಅವನ ಹೆಂಡತಿಯ ತಮ್ಮ ಊರಲ್ಲಿ ಹಿಟ್ಟಿನ ಗಿರಣಿ ಹಾಕಿದ. ಮೊದಲ ಕೆಲವು ತಿಂಗಳು ನೋಡಿಕೊಳ್ಳಲು ನಂಬಿಗಸ್ತರು ಬೇಕು ಎಂದು ಇವನನ್ನು ಕರೆದರು. ಹೊರಡುವಾಗ ಅವನು ಹೇಳಿದ್ದು, ದೀಪಾವಳಿ ಮುಗಿಸಿ ಬರುತ್ತೇನೆ, ಹೊಸ ಗಾಡಿ ನಾನು ಬಂದ ಮೇಲೆಯೇ ತೆಗೆದುಕೊಳ್ಳಬೇಕು, ನೀನೊಬ್ಬನೇ ಹೋದರೆ ಬಣ್ಣ ನೋಡಿ ಮರುಳಾಗುತ್ತೀ ಎಂದು. ಆಮೇಲೆ ದೀಪಾವಳಿ ಎರಡು ಸಲ ಬಂದು ಹೋಯಿತು. ಅವನ ರೇನ್‌ಕೋಟು ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಮಡಿಕೆಗಳು ಅಂಟಿಕೊಳ್ಳದಿರಲೆಂದು ಮೇ ತಿಂಗಳಲ್ಲಿ ಇಳಿಸಿ, ಒರೆಸಿ, ಪೌಡರ್ ಉದುರಿಸಿ ಮತ್ತೆ ಅದೇ ಮೊಳೆಗೆ ಹಾಕುತ್ತೇನೆ. ಫೋನಿನಲ್ಲಿ ಬರುತ್ತೇನೆ ಎಂದೇ ಹೇಳುತ್ತಾನೆ. ಯಾವಾಗ ಎಂದು ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಆದರೆ ಗಾಡಿ ಆರಿಸಬೇಕಾದರೆ ಅದು ಗೊತ್ತಾಗಲೇಬೇಕಿತ್ತು.

ನನ್ನ ಕೆಲಸ ಸೀಟು ಹೊಲಿಯುವುದು. ದಾಬೋಲಿಮ್‌ನಲ್ಲಿ ವಿಮಾನ ನಿಲ್ದಾಣದ ರಸ್ತೆ ಬಿಟ್ಟು ಸ್ವಲ್ಪ ಒಳಗೆ ತಗಡಿನ ಅಂಗಡಿ. ಒಳಗೆ ಒಂದು ಮಷಿನ್, ರೆಕ್ಸಿನ್ ಸುರುಳಿಗಳು, ಫೋಮಿನ ಹಾಳೆಗಳು. ಸೀಟು ನೋಡಿದರೆ ಗಾಡಿಯ ಮೇಲೆ ಯಾರು ಯಾರು ಕೂಡುತ್ತಾರೆ ಎಂದು ಹೇಳಬಲ್ಲೆ. ಒಬ್ಬನೇ ಓಡಾಡುವವನ ಸೀಟು ಮುಂದೆ ಕುಸಿದು, ಹಿಂದೆ ಅಂಗಡಿಯಿಂದ ತಂದ ಹಾಗೇ ಹೊಳೆಯುತ್ತಿರುತ್ತದೆ. ಮಗುವನ್ನು ಮುಂದೆ ಕೂಡಿಸಿಕೊಳ್ಳುವವರದ್ದು ಟ್ಯಾಂಕಿನ ಹತ್ತಿರದ ಹೊಲಿಗೆ ಬಿಚ್ಚಿರುತ್ತದೆ. ಹಳದಿ ಮಡ್‌ಗಾರ್ಡಿನ ಬಾಡಿಗೆ ಬೈಕಿನವರನ್ನು ಇಲ್ಲಿ ಪೈಲಟ್ ಎನ್ನುತ್ತಾರೆ; ಅವರ ಸೀಟು ಮುಂದಿಗಿಂತ ಹಿಂದೆಯೇ ಹೆಚ್ಚು ಸವೆದಿರುತ್ತದೆ, ದಿನವಿಡೀ ಬೇರೆ ಬೇರೆಯವರು ಏರಿ ಇಳಿದದ್ದು. ನಮ್ಮ ಹಳೆಯ ಗಾಡಿಯ ಸೀಟಿನಲ್ಲಿ ಎರಡು ಗುಂಡಿಗಳಿದ್ದವು. ಮುಂದಿನದು ನನ್ನದು, ಸಣ್ಣದು. ಹಿಂದಿನದು ಅವನದು, ಅಗಲವಾದದ್ದು, ಎಡಕ್ಕೆ ವಾಲಿದ್ದು. ಅವನು ಯಾವಾಗಲೂ ನನ್ನ ಎಡಭುಜದ ಮೇಲಿಂದ ರಸ್ತೆ ನೋಡುತ್ತಿದ್ದ. ಊರಿನವರ ಸೀಟನ್ನೆಲ್ಲ ಎಬ್ಬಿಸಿ ಕೊಡುವ ನಾನು ನಮ್ಮ ಸೀಟಿಗೆ ಕೈ ಹಾಕಿರಲಿಲ್ಲ. ಅವನು ಇದ್ದಾಗ ಪುರಸೊತ್ತಿರಲಿಲ್ಲ. ಹೋದ ಮೇಲೆ ಪುರಸೊತ್ತಿತ್ತು, ಮಾಡಲಿಲ್ಲ.

ಹೊಸ ಗಾಡಿಯ ಆಸೆ ಹುಟ್ಟಿದ್ದು ಒಂದು ಗುಡ್ಡದಿಂದ. ಅದು ಸಾವರ್ಡೆ ದಾಟಿದ ಮೇಲೆ ಬರುತ್ತದೆ. ಲಾರಿಯಲ್ಲಿದ್ದಾಗ ಜೋಡಿದಾರ ಮಧ್ಯಾಹ್ನದ ಬುತ್ತಿ ತೆಗೆದುಕೊಂಡು ಅದರ ನೆತ್ತಿಗೆ ಹೋಗಿ ಕೂಡುತ್ತಿದ್ದನಂತೆ. ಅಲ್ಲಿಂದ ಕೆಳಗೆ ರೈಲು ಹಳಿ ಕಾಣುತ್ತದೆ. ವಾಸ್ಕೋದಿಂದ ಲೋಂಡಾ ಹತ್ತಿ ಹುಬ್ಬಳ್ಳಿ, ಗದಗ, ಕೊಪ್ಪಳದ ಕಡೆ ಹೋಗುವ ಹಳಿ. ಊರಿನ ಗಾಡಿ ಹೋಗುವುದನ್ನು ನೋಡುತ್ತ ಉಂಡರೆ ಊಟ ಬೇರೆ ರುಚಿ ಎನ್ನುತ್ತಿದ್ದ. ಅದನ್ನು ನನಗೆ ತೋರಿಸಬೇಕು ಎಂಬುದು ಅವನ ಹಟ. ಅದಿರಿನ ಲಾರಿ ಓಡಾಡುತ್ತಿದ್ದ ದೊಡ್ಡ ದಾರಿಗೆ ಈಗ ಗೇಟು ಹಾಕಿದ್ದರು, ಹಿಂಬದಿಯ ಹಳ್ಳಿಯಿಂದ ಹೋಗುವ ಕಾಲುದಾರಿ ಅವನಿಗೆ ಗೊತ್ತಿರಲಿಲ್ಲ.

ಮೊದಲ ಸಲ ಹೋದಾಗ ದಾರಿ ಒಂದು ಕಡೆ ಕವಲೊಡೆಯಿತು. ನೇರಕ್ಕೆ ಒಂದು, ಕೆಂಪು ಕಲ್ಲು ಎದ್ದ ಕಡಿದಾದ ಏರು. ಎಡಕ್ಕೆ ಇನ್ನೊಂದು, ಗೇರು ಮರದ ನೆರಳಿನಲ್ಲಿ ಚಪ್ಪಟೆಯಾಗಿ ಹೋಗುವುದು. ಅಲ್ಲಿ ಗೇರುಬೀಜ ಆರಿಸುತ್ತಿದ್ದ ಅಜ್ಜಿಯೊಬ್ಬಳನ್ನು ಕೇಳಿದೆವು. ಅವಳು ತಲೆ ಎತ್ತದೆ “ಸರಳ ವಚಾತ್” ಎಂದಳು. ವಚಾತ್ ಎಂದರೆ ಹೋಗಿ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಸರಳ ಎಂಬುದು ನಮ್ಮದೇ ಮಾತು, ಅದನ್ನು ಯಾರೂ ನಮಗೆ ಕಲಿಸಿಕೊಡಬೇಕಾಗಿರಲಿಲ್ಲ. ಎರಡರಲ್ಲಿ ಸರಳವಾದ ದಾರಿಯಲ್ಲಿ ಹೋಗಿ ಎಂದಳು ಎಂದುಕೊಂಡು ಎಡಕ್ಕೆ ತಿರುಗಿದೆವು. ಅದು ಯಾರದೋ ತೋಟದ ಮುಳ್ಳುತಂತಿಗೆ ಹೋಗಿ ನಿಂತಿತು. ಆಚೆಯಿಂದ ನಾಯಿಯೊಂದು ಬಂತು. ಗಾಡಿ ತಿರುಗಿಸಲು ಜಾಗವಿಲ್ಲ, ನಾನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಿದ್ದೇನೆ, ಅವನು ಇಳಿದು ಬುತ್ತಿಯ ರೊಟ್ಟಿ ಮುರಿದು ನಾಯಿಗೆ ಒಂದೊಂದೇ ತುಂಡು ಎಸೆಯುತ್ತಿದ್ದಾನೆ. “ಸರಳ ಅಂದ್ಲಲ್ಲೋ ಆಯಿ,” ಎಂದ, “ಇಕಿ ಕಠಿಣ ಅಂದಿದ್ರ ಏನ್ ಇರ್ತಿತ್ತೋ.”

ಇಲ್ಲಿಯ ಮಾತಿನಲ್ಲಿ ಸರಳ ಎಂದರೆ ನೇರ ಎಂದು ಅಂಗಡಿಗೆ ಬಂದ ಪೈಲಟ್ ಒಬ್ಬ ಹೇಳಿಕೊಟ್ಟ ಮೇಲೆ ತಿಳಿಯಿತು. ಅಜ್ಜಿ ಹೇಳಿದ್ದು ಆ ಕಡಿದಾದ ಏರನ್ನೇ. ಅಂದಿನಿಂದ ಕೋಣೆಯಲ್ಲಿ ಕಷ್ಟದ್ದೆಲ್ಲ ಸರಳವಾಯಿತು. ನಳದಲ್ಲಿ ನೀರು ಬರದಿದ್ದರೆ ಸರಳ, ರೇಷನ್ ಸಾಲು ಉದ್ದವಿದ್ದರೆ ಸರಳ. ಅವನಿಗೆ ಚಳಿಜ್ವರ ಬಂದಾಗ ಹೇಗಿದೆ ಎಂದರೆ ಹೊದಿಕೆಯೊಳಗಿಂದ ಸರಳ ಐತಿ ಎನ್ನುತ್ತಿದ್ದ. ಆ ಏರನ್ನು ಆಮೇಲೆ ಮೂರು ಸಲ ಪ್ರಯತ್ನಿಸಿದೆವು. ಹಳೆಯ ಗಾಡಿ ಎರಡನೇ ತಿರುವಿನಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ಅವನು ಇಳಿದು ನೂಕುತ್ತಿದ್ದ, ನೂಕಿ ನೂಕಿ ಕಲ್ಲಿನ ಮೇಲೆ ಕೂತು ನಗುತ್ತಿದ್ದ. ನಡೆದು ಹೋಗೋಣ ಎಂದರೆ ಒಪ್ಪುತ್ತಿರಲಿಲ್ಲ. ಲಾರಿಯಲ್ಲಿ ಏರಿದವನು, ಕಾಲಿಂದ ಏರಲಾರೆ ಎನ್ನುತ್ತಿದ್ದ. ಮುಂದಿನ ಗಾಡಿ ಈ ಗುಡ್ಡ ಹತ್ತುವಂಥದ್ದೇ ತಗೊಳ್ಳೋಣ ಎಂದು ಅಲ್ಲಿಯೇ ನಿಶ್ಚಯವಾಯಿತು.

ಈ ವರ್ಷ ಹಳೆಯ ಗಾಡಿ ಹೊಗೆ ಬಿಡತೊಡಗಿತು. ಪಕ್ಕದ ಅಂಗಡಿಯ ಮೆಕ್ಯಾನಿಕ್, ವಿಜಯಪುರದವನು, ಇನ್ನು ಇದಕ್ಕೆ ಕೈ ಹಚ್ಚುವುದಿಲ್ಲ ಎಂದು ಕೈ ಒರೆಸಿಕೊಂಡ. ಹೀಗಾಗಿ ನಾನು ಶೋರೂಮಿಗೆ ಹೋದದ್ದು.

ಅವಳು ಮೂರು ಗಾಡಿ ತೋರಿಸಿದಳು. ಮೊದಲನೆಯದು ನಮ್ಮ ಹಳೆಯದರ ತಮ್ಮನಂತಿತ್ತು. ತಗ್ಗು, ಹಗುರ, ಸೀಟು ಉದ್ದಕ್ಕೆ ಹಲಗೆಯ ಹಾಗೆ. ಇಬ್ಬರು ಹಾಯಾಗಿ ಕೂಡಬಹುದು, ಝುವಾರಿನಗರದಿಂದ ದಾಬೋಲಿಮ್‌ಗೆ ಬರಲು ಹೋಗಲು ಅದಕ್ಕಿಂತ ಏನೂ ಬೇಕಿಲ್ಲ. ಎರಡನೆಯದು ಪೇಟೆಯಲ್ಲಿ ಹುಡುಗರು ಓಡಿಸುವಂಥದ್ದು. ಹಿಂದಿನ ಸೀಟು ಅಂಗೈಯಷ್ಟು, ಬಾಲದ ಹಾಗೆ ಮೇಲಕ್ಕೆ ಎದ್ದದ್ದು. ಇದರ ಮೇಲೆ ಕೂತವರು ಇಳಿದ ಮೇಲೆ ಬೈಯುತ್ತಾರೆ ಎಂದು ಸೀಟು ಹೊಲಿಯುವವನಾಗಿ ನನಗೆ ಗೊತ್ತಿತ್ತು. ಮೂರನೆಯದು ಎತ್ತರದ್ದು. ಮುಂದಿನ ಚಕ್ರ ದೊಡ್ಡದು, ಟೈರಿಗೆ ದಪ್ಪ ಹಲ್ಲು, ಮಡ್‌ಗಾರ್ಡು ಚಕ್ರದಿಂದ ಗೇಣು ಮೇಲೆ. ಸೀಟು ಕಿರಿದು, ಎಮ್ಮೆಯ ಬೆನ್ನಿನಂತೆ ಮಧ್ಯದಲ್ಲಿ ಬಾಗಿದ್ದು. ಹಿಂದೆ ಒಬ್ಬರು ಕೂಡಬಹುದು, ಆದರೆ ಏರಲು ಕಾಲು ಚೆನ್ನಾಗಿರಬೇಕು. ಜೋಡಿದಾರನ ಮೊಣಕಾಲು ಊರಿಗೆ ಹೋಗುವ ಮೊದಲೇ ಸಪ್ಪಳ ಮಾಡುತ್ತಿತ್ತು.

ಓಡಿಸಿ ನೋಡಿ ಎಂದಳು. ಎತ್ತರದ್ದರ ಮೇಲೆ ಕೂತರೆ ನನ್ನ ಕಾಲಬೆರಳ ತುದಿ ಮಾತ್ರ ನೆಲಕ್ಕೆ ತಾಗಿತು. ಆದರೂ ಹೊರಗೆ ತಂದೆ. ಶೋರೂಮಿನ ಹಿಂದೆ ಅಗೆದು ಬಿಟ್ಟ ರಸ್ತೆ ಇತ್ತು, ಗುಂಡಿ ಮೇಲೆ ಗುಂಡಿ. ಹಳೆಯ ಗಾಡಿಯಾಗಿದ್ದರೆ ಒಂದೊಂದು ಗುಂಡಿಯೂ ನಡುವಿಗೆ ಹೇಳಿ ಹೋಗುತ್ತಿತ್ತು. ಇದು ಮಂಡಿ ಮಡಚಿ ಬಿಚ್ಚುವವರ ಹಾಗೆ ದಾಟಿತು. ತಿರುವಿನಲ್ಲಿ ಕೈ ಸ್ವಲ್ಪ ಹೆಚ್ಚೇ ತಿರುಗಿತು. ಹೆಲ್ಮೆಟ್ಟಿನೊಳಗೆ ನಾನು ನಗುತ್ತಿದ್ದೇನೆ ಎಂದು ಗೊತ್ತಾದದ್ದು ಗಾಜಿಗೆ ಉಸಿರಿನ ಮಂಜು ಕಟ್ಟಿದಾಗ. ಐವತ್ತೆರಡು ವರ್ಷದವನು ರಸ್ತೆಯ ಗುಂಡಿಗೆ ನಗುವುದು. ಇದನ್ನು ಯಾರಿಗಾದರೂ ಹೇಳಬೇಕೆಂದು ಎಡಭುಜದ ಕಡೆ ಮುಖ ತಿರುಗಿಸಿದೆ. ಗಾಳಿ ಬಡಿಯಿತು.

ಎರಡು ದಿನ ಕೊಡಿ ಎಂದು ಹೇಳಿ ಬಂದೆ. ಎರಡು ದಿನವೂ ಅಂಗಡಿಯಲ್ಲಿ ಅದೇ ಲೆಕ್ಕ. ಅವನು ಬಂದರೆ ತಗ್ಗಿನದು ಬೇಕು. ತಗ್ಗಿನದು ತಂದರೆ ಗುಡ್ಡ ಹತ್ತುವುದಿಲ್ಲ, ಗುಡ್ಡ ಹತ್ತದಿದ್ದರೆ ಅವನು ಬಂದಾದರೂ ಏನು ಮಾಡಬೇಕು. ಎತ್ತರದ್ದು ತಂದರೆ ಗುಡ್ಡ ಹತ್ತುತ್ತದೆ, ಅವನು ಹತ್ತಲಾರ. ಮೆಕ್ಯಾನಿಕ್ ಕೇಳಿಸಿಕೊಂಡು, ಗಾಡಿ ತರಾಕತ್ತೀಯೋ ಸಂಬಂಧ ನೋಡಾಕತ್ತೀಯೋ ಎಂದ. ಮೂರನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಜೋಡಿದಾರನಿಗೇ ಫೋನು ಹಚ್ಚಿದೆ. ಗಿರಣಿ ನಡೆಯುತ್ತಿತ್ತು, ಯಂತ್ರದ ಪಟ್ಟಿಯ ಸದ್ದಿನಲ್ಲಿ ಇಬ್ಬರೂ ಕೂಗಿ ಮಾತಾಡಬೇಕಾಯಿತು. ಮೂರೂ ಗಾಡಿಗಳ ಬಗ್ಗೆ ಹೇಳಿದೆ. ಸೀಟುಗಳ ಬಗ್ಗೆ ಹೆಚ್ಚೇ ಹೇಳಿದೆ. ಅವನು ನಡುವೆ ಯಾರಿಗೋ ಜೋಳವೋ ಗೋಧಿಯೋ ಎಂದು ಕೇಳಿದ. ಆಮೇಲೆ ನನಗೆ ಹೇಳಿದ:

“ನೀ ಒಬ್ಬಾವ ಕೂಡಾವ. ನಿನಗ ಖುಷಿ ಆಗೂದು ತಗೋ.”

ಅವನು ಯೋಚಿಸಿ ಆಡಿದ ಮಾತಲ್ಲ ಅದು. ಯೋಚಿಸಿದ್ದರೆ ಬರುತ್ತೇನೆ ಎಂದೇ ಹೇಳುತ್ತಿದ್ದ, ಯಾವಾಗಲೂ ಹೇಳುವ ಹಾಗೆ. ಹಿಟ್ಟಿನ ಡಬ್ಬಿ ಹಿಡಿದು ನಿಂತವರ ನಡುವೆ ಖರೇ ಮಾತು ಬಾಯಿಂದ ಬಂದುಬಿಟ್ಟಿತು. ನಾನು ಹೌದು ಎಂದೆ. ಮಕ್ಕಳು ಹೇಗಿದ್ದಾರೆ ಎಂದು ಕೇಳಿದೆ. ಫೋನು ಇಟ್ಟ ಮೇಲೆ ಡಬ್ಬಿಯಲ್ಲಿ ಉಳಿದ ಅನ್ನ ಉಂಡು, ತೊಳೆದು, ಅರ್ಧ ಹೊಲಿದಿಟ್ಟಿದ್ದ ಸ್ಕೂಟರ್ ಸೀಟು ಮುಗಿಸಿದೆ. ಸಂಜೆ ಹೋಗಿ ಎತ್ತರದ್ದನ್ನು ಹೇಳಿ ಬಂದೆ.

ಗಾಡಿ ಬಂದ ದಿನ ಮೆಕ್ಯಾನಿಕ್ ಸುತ್ತಲೂ ಒಂದು ಸುತ್ತು ಹಾಕಿ, ಹಿಂದಿನ ಚಕ್ರದ ಜಾಲಿ ತೋರಿಸಿ, “ಸೀರಿ ಉಡಾಕಿ ಯಾರಪಾ?” ಎಂದ. ಮುಳ್ಳುಕಂಟಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅವನೇ ಬಿಚ್ಚಿ ತಗಡಿನ ಹಿಂದೆ ಇಟ್ಟ. ಹಿಂದಿನ ಸೀಟೂ ತೆಗೆದು ಸಾಮಾನು ಕಟ್ಟುವ ಕ್ಯಾರಿಯರ್ ಹಾಕಿಕೋ ಎಂದ. ಕ್ಯಾರಿಯರ್ ನಾನು ಹಾಕಿಸಲಿಲ್ಲ.

ಸೀಟು ಬಿಚ್ಚಿ ನನ್ನ ಮೇಜಿನ ಮೇಲೆ ಇಟ್ಟುಕೊಂಡೆ. ಕಾಲು ನೆಲಕ್ಕೆ ತಾಗಬೇಕಾದರೆ ಮುಂದೆ ಎರಡು ಬೆರಳು ಫೋಮ್ ಕೆತ್ತಬೇಕು. ಬ್ಲೇಡಿನಿಂದ ಕೆತ್ತಿ, ಉಜ್ಜಿ, ಕೂತು ನೋಡಿ, ಮತ್ತೆ ಕೆತ್ತಿದೆ. ಹಿಂದಿನ ಭಾಗಕ್ಕೆ ಹೊಸ ಫೋಮ್ ಹಾಕಿದೆ, ಅಂಗಡಿಯಲ್ಲಿ ಇದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯದು. ರೆಕ್ಸಿನ್ ಎಳೆದು ಸ್ಟೇಪಲ್ ಹೊಡೆದು ಅಂಗೈ ಆಡಿಸಿದಾಗ ಗೊತ್ತಾಯಿತು: ಎಡಭಾಗಕ್ಕೆ ಅರ್ಧ ಬೆರಳು ಹೆಚ್ಚು ಫೋಮ್ ಇಟ್ಟುಬಿಟ್ಟಿದ್ದೆ. ಎಡಕ್ಕೆ ವಾಲಿ ಕೂಡುವವರಿಗೆ ಇಡುವ ಹಾಗೆ. ಇಪ್ಪತ್ತು ವರ್ಷದಲ್ಲಿ ಗ್ರಾಹಕರ ಸೀಟಿಗೆ ಇಂಥ ತಪ್ಪು ಮಾಡಿರಲಿಲ್ಲ. ಬಿಚ್ಚಿದರೆ ರೆಕ್ಸಿನ್ ತೂತು ಬೀಳುತ್ತದೆ ಎಂದು ಹಾಗೇ ಬಿಟ್ಟೆ.

ಮರುವಾರದ ಭಾನುವಾರ ಬೆಳಿಗ್ಗೆ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆ. ರೊಟ್ಟಿ ನಾನೇ ಬಡಿದದ್ದು. ಅಂಚು ಈಗಲೂ ಸೀಳುತ್ತದೆ. ಸಾವರ್ಡೆವರೆಗಿನ ರಸ್ತೆಯಲ್ಲಿ ಗಾಡಿ ಖುಷಿ ಕೊಟ್ಟಿತು, ಇಲ್ಲವೆನ್ನುವುದು ಸುಳ್ಳು. ಕವಲಿನಲ್ಲಿ ಅಜ್ಜಿ ಇರಲಿಲ್ಲ. ಒಬ್ಬ ಹೆಂಗಸು ಮನೆಯ ಮುಂದೆ ಪಾತ್ರೆ ತಿಕ್ಕುತ್ತಿದ್ದಳು. ದಾರಿ ಗೊತ್ತಿದ್ದೂ ನಾನು ಕೇಳಿದೆ. ಅವಳು ಬೂದಿಯ ಕೈಯೆತ್ತಿ “ಸರಳ” ಎಂದಳು.

ಮೊದಲ ತಿರುವು ದಾಟಿತು. ಎರಡನೆಯದರಲ್ಲಿ, ನಾವು ಯಾವಾಗಲೂ ನಿಲ್ಲುತ್ತಿದ್ದಲ್ಲಿ, ಸಡಿಲ ಜಲ್ಲಿಯ ಮೇಲೆ ಹಿಂದಿನ ಚಕ್ರ ನಿಂತಲ್ಲೇ ಸುತ್ತತೊಡಗಿತು. ಎಂಜಿನ್ನಿನಲ್ಲಿ ಬಲವಿತ್ತು, ಟೈರಿನಲ್ಲಿ ಹಲ್ಲಿತ್ತು, ಆದರೆ ನೆಲ ಹಿಡಿಯುತ್ತಿರಲಿಲ್ಲ. ಇಳಿದು ನೋಡಿದೆ, ಮತ್ತೆ ಪ್ರಯತ್ನಿಸಿದೆ. ಚಕ್ರ ಕಲ್ಲು ಹಿಂದಕ್ಕೆ ಎಸೆಯಿತು, ಅಷ್ಟೇ. ಸ್ವಲ್ಪ ಹೊತ್ತು ಕೂತ ಮೇಲೆ ಕಾರಣ ಹೊಳೆಯಿತು. ನನ್ನ ಕೈಗೆ ಗೊತ್ತಿದ್ದ ಗಾಡಿ ಹಿಂದೆ ಒಬ್ಬರಿದ್ದ ಗಾಡಿ. ಯಾವಾಗ ಎಷ್ಟು ಎಕ್ಸಿಲರೇಟರ್ ಕೊಡಬೇಕೆಂಬುದನ್ನು ಅವನ ತೂಕದ ಮೇಲೆ ಕಲಿತಿದ್ದೆ. ಈಗ ಹಿಂದೆ ತೂಕವಿರಲಿಲ್ಲ.

ಕೆಳಗಿಳಿದು ಆ ಹೆಂಗಸಿನ ಮನೆಯ ಹತ್ತಿರ ಬಂದೆ. ಪಾಯದ ಪಕ್ಕದಲ್ಲಿ ಒಡೆದ ಕೆಂಪು ಚಿರೆಕಲ್ಲುಗಳ ಗುಪ್ಪೆ ಇತ್ತು. ಅರ್ಧ ಕಲ್ಲು ತೆಗೆದುಕೊಳ್ಳಲೇ ಎಂದು ನನ್ನ ಹರಕು ಕೊಂಕಣಿಯಲ್ಲಿ ಕೇಳಿದೆ. ಅರ್ಧ ಕಲ್ಲಿನಲ್ಲಿ ಎಂಥ ಮನೆ ಕಟ್ಟುತ್ತೀರಿ ಎಂದು ಅವಳು ನಕ್ಕಳು. ಹಿಂದೆ ಕೂಡಿಸಲಿಕ್ಕೆ ಎಂದು ತೋರಿಸಿದೆ. ಅವಳ ನಗು ನಿಂತಿತು. ಹುಚ್ಚನಿರಬೇಕು ಎಂದುಕೊಂಡಳೋ ಏನೋ, ತೆಗೆದುಕೊಂಡು ಹೋಗಿ ಎಂದಳು. ಹೊಸ ರೆಕ್ಸಿನ್ ಮೇಲೆ ಆ ಒರಟು ಕಲ್ಲನ್ನು ಇಡಲು ನನ್ನ ಕೈ ಒಪ್ಪಲಿಲ್ಲ. ಹೆಗಲ ಮೇಲಿನ ಟವೆಲ್ ಹಾಸಿದೆ. ಕಲ್ಲಿಟ್ಟು, ಚೀಲದಲ್ಲಿದ್ದ ಹಳೆಯ ಟ್ಯೂಬಿನ ಪಟ್ಟಿಯಿಂದ ಎರಡು ಸುತ್ತು ಬಿಗಿದೆ. ಸ್ವಲ್ಪ ಎಡಕ್ಕೆ ಇಟ್ಟರೆ ಅಲುಗಾಡದೆ ಕೂತಿತು.

ಎರಡನೇ ತಿರುವಿನಲ್ಲಿ ಚಕ್ರ ಒಮ್ಮೆ ಜಾರಿ ನೆಲ ಹಿಡಿಯಿತು. ಮೂರನೆಯದು ಹೇಗಿದೆ ಎಂದು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಅದು ಅಷ್ಟೇನೂ ಕಡಿದಾಗಿರಲಿಲ್ಲ. ನಾವು ಸೋತ ಜಾಗದಿಂದ ನೆತ್ತಿ ಬಹಳ ದೂರವಿರಲಿಲ್ಲ; ನಡೆದಿದ್ದರೆ ಹತ್ತು ನಿಮಿಷ.

ಮೇಲೆ ಬಯಲು, ಕೆಂಪು ನೆಲ, ಒಣಹುಲ್ಲು. ಕೆಳಗೆ ಹಳಿ ಕಾಣಿಸಿತು, ಅವನು ಹೇಳಿದ್ದ ಹಾಗೆಯೇ. ಕಲ್ಲು ಬಿಚ್ಚಿ ನೆಲಕ್ಕಿಟ್ಟು ಅದರ ಮೇಲೆ ಕೂತು ಉಂಡೆ. ಎರಡು ರೊಟ್ಟಿ ತಿಂದೆ, ಎರಡು ಉಳಿದವು. ಬಹಳ ಹೊತ್ತಿನ ಮೇಲೆ ಗೂಡ್ಸ್ ಗಾಡಿಯೊಂದು ವಾಸ್ಕೋ ಕಡೆಗೆ, ಬಂದರಿನ ಕಲ್ಲಿದ್ದಲು ಹೇರಿಕೊಳ್ಳಲು ಖಾಲಿ ಹೋಯಿತು. ಊರಿನ ಕಡೆಗೆ ಯಾವುದೂ ಹೋಗಲಿಲ್ಲ. ಅವನು ಇಲ್ಲಿ ಒಬ್ಬನೇ ಕೂಡುತ್ತಿದ್ದ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವನ ಕಥೆಯಲ್ಲಿ ರೈಲಿತ್ತು, ಬುತ್ತಿ ಇತ್ತು, ಜೊತೆಗೆ ಯಾರೂ ಇರಲಿಲ್ಲ. ಇಲ್ಲಿ ಇನ್ನೊಬ್ಬರು ಬೇಕು ಎಂದು ಅವನಿಗೆ ಆಗಲೇ ಅನ್ನಿಸಿರಬೇಕು.

ಕಲ್ಲನ್ನು ಅಲ್ಲೇ ಬಿಟ್ಟು ಇಳಿದೆ. ಇಳಿಯಲು ತೂಕ ಬೇಕಾಗಲಿಲ್ಲ.

ಸಂಜೆ ಫೋನು ಮಾಡಿದೆ. ಭಾನುವಾರವಾದರೂ ಗಿರಣಿ ನಡೆಯುತ್ತಿತ್ತು. ಹತ್ತಿದೆ ಎಂದೆ. ಯಾವುದನ್ನು ಎಂದು ಕೇಳಿ, ತಾನೇ ತಿಳಿದುಕೊಂಡು, ಪಟ್ಟಿ ನಿಲ್ಲಿಸಿದ. ಸದ್ದು ಇಳಿದ ಮೇಲೆ ಅವನ ದನಿ ಪಕ್ಕದಲ್ಲೇ ಇದ್ದ ಹಾಗೆ ಕೇಳಿಸಿತು.

“ಹೆಂಗಿತ್ತು?”

“ಸರಳ ಇತ್ತು,” ಎಂದೆ.

ಅವನು ನಕ್ಕ. ಬಹಳ ಹೊತ್ತು ನಕ್ಕ. ಬರುತ್ತೇನೆ ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ರೇನ್‌ಕೋಟು ಇದೆಯಾ ಎಂದು ಕೇಳಿದ. ಇದೆ, ಕಳಿಸಲೇ ಎಂದೆ. ಬೇಡ, ನೀನೇ ಹಾಕಿಕೋ, ನಿನ್ನದು ಹರಿದಿತ್ತಲ್ಲ ಎಂದ. ಅಷ್ಟರಲ್ಲಿ ಯಾರೋ ಬೀಸಲು ಬಂದರು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಡುವ ಮೊದಲು ಗಾಡಿ ಒರೆಸಿದೆ. ಹಿಂದಿನ ಸೀಟಿನ ಎಡಭಾಗದಲ್ಲಿ ಕಲ್ಲು ಕೂತು ಆಗಿದ್ದ ತಗ್ಗು ಎದ್ದು ಸಮವಾಗಿತ್ತು. ಒಳ್ಳೆಯ ಫೋಮ್ ಹಾಗೆಯೇ, ಒಂದು ರಾತ್ರಿಯಲ್ಲಿ ಏಳುತ್ತದೆ. ಗ್ರಾಹಕರಿಗೆ ನಾನೇ ಅದನ್ನು ಹೇಳಿ ಮಾರುತ್ತೇನೆ. ಟವೆಲ್ ಸರಿದಲ್ಲಿ ರೆಕ್ಸಿನ್ ಮೇಲೆ ಎರಡು ಗೀರು ಬಿದ್ದಿವೆ. ಅದೇ ಬಣ್ಣದ ತುಂಡು ಅಂಗಡಿಯಲ್ಲಿದೆ, ಹೊಲಿದರೆ ಅರ್ಧ ಗಂಟೆಯ ಕೆಲಸ. ಮಳೆಗಾಲ ಬರುವುದರೊಳಗೆ ಮಾಡಬೇಕು, ಇಲ್ಲದಿದ್ದರೆ ನೀರು ಒಳಗಿಳಿಯುತ್ತದೆ. ಇನ್ನೂ ಮಾಡಿಲ್ಲ.